ಎಂಟು ಸಾವಿರಕ್ಕೊಂದು

ರುದರ್‌ಫೋರ್ಡ್ ಪ್ರಯೋಗ ಹೈಸ್ಕೂಲು ದಾಟಿದ ಎಲ್ಲರಿಗೂ ಪರಿಚಿತ. ಚಿನ್ನದ ತೆಳುವಾದ ರೇಕು, ಅದರ ಮೇಲೆ ಬಂದು ಬೀಳುವ ಆಲ್ಫಾ ಕಣಗಳು, ಅಂದರೆ ವಿಕಿರಣಶೀಲ ವಸ್ತುವಿನಿಂದ ಚಿಮ್ಮುವ ಧನಾವೇಶದ ಕಣಗಳು. ಹೆಚ್ಚಿನವು ನೇರ ದಾಟಿಹೋದವು, ಕೆಲವು ತುಸು ಬಾಗಿದವು, ಬೆರಳೆಣಿಕೆಯಷ್ಟು ಬಂದ ದಿಕ್ಕಿಗೇ ತಿರುಗಿದವು. ಹಾಗಾಗಿ ಪರಮಾಣುವಿನ ಬಹುಪಾಲು ಖಾಲಿ, ನಡುವೆ ಪುಟ್ಟದೊಂದು ನ್ಯೂಕ್ಲಿಯಸ್. ಪರೀಕ್ಷೆಯಲ್ಲಿ ಇಷ್ಟು ಬರೆದು ಪಕ್ಕದಲ್ಲಿ ಚಿತ್ರ ಬಿಡಿಸಿದರೆ ಪೂರ್ತಿ ಅಂಕ.

ಈ ಕಥೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಓದುವ ಮಕ್ಕಳಿಗೆ ಇದೆಲ್ಲ ಒಂದೇ ಮಧ್ಯಾಹ್ನ ನಡೆದುಹೋದಂತೆ ಕಾಣುತ್ತದೆ: ಕಣ ವಾಪಸಾಯಿತು, ರುದರ್‌ಫೋರ್ಡ್ ಹುಬ್ಬೇರಿಸಿದರು, ನ್ಯೂಕ್ಲಿಯಸ್ ಸಿಕ್ಕಿತು. ಕಣಗಳು ವಾಪಸಾಗುವುದು ಕಂಡದ್ದು 1909ರಲ್ಲಿ. ಅದರ ಅರ್ಥ ಅಚ್ಚಾದದ್ದು 1911ರಲ್ಲಿ. ಆ ಅರ್ಥ ಸರಿಯೇ ಎಂದು ಒರೆಗೆ ಹಚ್ಚಿ ನೋಡಿದ ಫಲಿತಾಂಶ ಹೊರಬಂದದ್ದು 1913ರಲ್ಲಿ. ನಾಲ್ಕು ವರ್ಷ. ನನ್ನ ಮಟ್ಟಿಗೆ ಈ ಪ್ರಯೋಗದ ಜೀವ ಇರುವುದು ಆ ನಾಲ್ಕು ವರ್ಷಗಳಲ್ಲಿ, ಕತ್ತಲೆ ಕೋಣೆಯಲ್ಲಿ ಕೂತು ಮಿನುಗುಗಳನ್ನು ಎಣಿಸಿದ ಇಬ್ಬರ ಕಣ್ಣುಗಳಲ್ಲಿ. ಪರಮಾಣುವಿನ ಒಳಗನ್ನು ಅವತ್ತು ಯಾರೂ ನೋಡಲಿಲ್ಲ. ಎಣಿಸಿ ಕಂಡುಕೊಂಡರು. ಆ ಎಣಿಕೆಯ ಬಗ್ಗೆ ನಮ್ಮ ಪುಸ್ತಕಗಳಲ್ಲಿ ಒಂದು ಸಾಲೂ ಇರುವುದಿಲ್ಲ.

ಕಥೆ ಶುರುವಾಗುವುದು ಚಿನ್ನದಿಂದಲ್ಲ, ಅಭ್ರಕದಿಂದ. ನಮ್ಮ ಕಡೆ ಕಾಗೆಬಂಗಾರ ಅನ್ನುತ್ತೇವಲ್ಲ, ಅದೇ. ನ್ಯೂಜಿಲೆಂಡಿನ ನೆಲ್ಸನ್ ಬಳಿ ಹುಟ್ಟಿ ಬೆಳೆದ ಅರ್ನೆಸ್ಟ್ ರುದರ್‌ಫೋರ್ಡ್ 1906ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದರು, ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ. ಆಲ್ಫಾ ಕಣಗಳ ಸಣ್ಣ ಎಳೆಯೊಂದನ್ನು ಫೋಟೋ ತಟ್ಟೆಯ ಮೇಲೆ ಬೀಳಿಸಿದಾಗ ಅಂಚು ಸ್ಪಷ್ಟವಾಗಿ ಮೂಡುತ್ತಿತ್ತು. ನಡುವೆ ಅಭ್ರಕದ ತೆಳುವಾದ ಪದರ ಇಟ್ಟರೆ ಅಂಚು ಮಸುಕಾಗುತ್ತಿತ್ತು. ಕಣಗಳು ಸುಮಾರು ಎರಡು ಡಿಗ್ರಿಯಷ್ಟು ಬಾಗುತ್ತಿದ್ದವು. ಎರಡು ಡಿಗ್ರಿ ಎಂದರೆ ನಿರ್ಲಕ್ಷಿಸಿ ಮುಂದೆ ಹೋಗಬಹುದಾದಷ್ಟು ಸಣ್ಣದು. ರುದರ್‌ಫೋರ್ಡ್ ಅಲ್ಲೇ ನಿಂತು ಲೆಕ್ಕ ಹಾಕಿದರು. ಅಷ್ಟು ತೆಳುವಾದ ಪದರದೊಳಗೆ, ಅಷ್ಟು ವೇಗದ ಕಣವನ್ನು ಅಷ್ಟು ಬಾಗಿಸಬೇಕಾದರೆ ಸೆಂಟಿಮೀಟರಿಗೆ ಹತ್ತು ಕೋಟಿ ವೋಲ್ಟ್‌ನಷ್ಟು ವಿದ್ಯುತ್ ಕ್ಷೇತ್ರ ಬೇಕು. ಪರಮಾಣುವಿನೊಳಗೆ ಭಾರಿ ವಿದ್ಯುತ್ ಬಲಗಳು ಇರಲೇಬೇಕು ಎಂದು ಆಗಲೇ ಬರೆದಿಟ್ಟರು. ಆ ಬಲ ಎಲ್ಲಿ ಕೂತಿದೆ ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ.

ಆಗ ಚಾಲ್ತಿಯಲ್ಲಿದ್ದದ್ದು ಜೆ. ಜೆ. ಥಾಮ್ಸನ್ ಅವರ ಪರಮಾಣು. 1897ರಲ್ಲಿ ಎಲೆಕ್ಟ್ರಾನ್ ಕಂಡುಹಿಡಿದವರು ಅವರೇ. ಎಲೆಕ್ಟ್ರಾನ್ ಋಣಾವೇಶದ್ದು, ಪರಮಾಣುವಿಗೆ ಒಟ್ಟಾರೆ ಆವೇಶವಿಲ್ಲ, ಅಂದಮೇಲೆ ಅಷ್ಟೇ ಧನಾವೇಶ ಒಳಗೆಲ್ಲೋ ಇರಬೇಕು. ಅದು ಪರಮಾಣುವಿನ ತುಂಬ ಸಮನಾಗಿ ಹರಡಿಕೊಂಡಿದೆ, ಅದರೊಳಗೆ ಎಲೆಕ್ಟ್ರಾನ್‌ಗಳು ಹುದುಗಿವೆ ಎಂದು ಥಾಮ್ಸನ್ 1904ರಲ್ಲಿ ವಿವರವಾದ ಲೆಕ್ಕ ಮಂಡಿಸಿದ್ದರು. ನಮ್ಮ ಪಠ್ಯಪುಸ್ತಕಗಳು ಕಲ್ಲಂಗಡಿಗೆ ಹೋಲಿಸುವುದು ಇದನ್ನೇ. ಈ ಮಾದರಿಯನ್ನು ನಾವು ಪಾಠದಲ್ಲಿ ತೀರಾ ಹಗುರವಾಗಿ ತಳ್ಳಿಹಾಕಿಬಿಡುತ್ತೇವೆ ಎಂಬ ಬೇಸರ ನನಗಿದೆ. ಅವತ್ತಿಗೆ ಅದೇ ಹೆಚ್ಚು ಸಮಂಜಸವಾದ ಮಾದರಿ. ಎಲೆಕ್ಟ್ರಾನ್‌ಗಳು ಯಾವುದೋ ಕೇಂದ್ರದ ಸುತ್ತ ಸುತ್ತುತ್ತವೆ ಎಂದರೆ ಅವು ಬೆಳಕು ಸೂಸುತ್ತ ಶಕ್ತಿ ಕಳೆದುಕೊಂಡು ಕೇಂದ್ರಕ್ಕೆ ಬಿದ್ದುಬಿಡಬೇಕಿತ್ತು. ಥಾಮ್ಸನ್ ಅವರ ಪರಮಾಣುವಿಗೆ ಆ ತೊಂದರೆ ಅಷ್ಟಾಗಿ ಇರಲಿಲ್ಲ.

1907ರಲ್ಲಿ ರುದರ್‌ಫೋರ್ಡ್ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಪ್ರಾಧ್ಯಾಪಕರಾಗಿ ಬಂದರು. ಅಲ್ಲಿ ಅವರಿಗೆ ಸಿಕ್ಕ ಮೊದಲ ಆಸ್ತಿ ಹ್ಯಾನ್ಸ್ ಗೈಗರ್ ಎಂಬ ಇಪ್ಪತ್ತೈದರ ಜರ್ಮನ್ ಯುವಕ. ಎರಡನೆಯದು, ವಿಯೆನ್ನಾದ ವಿಜ್ಞಾನ ಅಕಾಡೆಮಿ 1908ರಲ್ಲಿ ಕಡವಾಗಿ ಕೊಟ್ಟ ರೇಡಿಯಂ. ಆ ರೇಡಿಯಂ ಇಲ್ಲದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. (ಮಹಾಯುದ್ಧದ ನಂತರ ಅದನ್ನು ಶತ್ರು ದೇಶದ ಸ್ವತ್ತೆಂದು ಮುಟ್ಟುಗೋಲು ಹಾಕಿಕೊಳ್ಳುವ ಮಾತು ಬಂದಾಗ ರುದರ್‌ಫೋರ್ಡ್ ಒಪ್ಪಲಿಲ್ಲ. ಹಣ ಹೊಂದಿಸಿ ಬೆಲೆ ಕಟ್ಟಿಕೊಟ್ಟರು. ಯುದ್ಧದಲ್ಲಿ ಜರ್ಜರಿತವಾಗಿದ್ದ ವಿಯೆನ್ನಾದ ರೇಡಿಯಂ ಸಂಸ್ಥೆಗೆ ಆ ದುಡ್ಡು ದೊಡ್ಡ ಆಸರೆಯಾಯಿತು. ಅವರ ಬಗ್ಗೆ ಓದಿದ ಎಷ್ಟೋ ಸಂಗತಿಗಳಲ್ಲಿ ಇದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿದೆ.)

ಇನ್ನು ಎಣಿಕೆ. ಜಿಂಕ್ ಸಲ್ಫೈಡ್ ಬಳಿದ ಪುಟ್ಟ ಪರದೆಗೆ ಆಲ್ಫಾ ಕಣ ಬಡಿದರೆ ಬಡಿದ ಜಾಗದಲ್ಲಿ ಚುಕ್ಕೆಯಷ್ಟು ಬೆಳಕು ಮಿನುಗಿ ಮಾಯವಾಗುತ್ತದೆ. ಬರಿಗಣ್ಣಿಗೆ ಕಾಣುವಂಥದ್ದಲ್ಲ. ಸೂಕ್ಷ್ಮದರ್ಶಕ ಬೇಕು, ಕೋಣೆ ಪೂರ್ತಿ ಕತ್ತಲಾಗಿರಬೇಕು, ನೋಡುವವರು ಅರ್ಧ ಗಂಟೆಯಷ್ಟು ಹೊತ್ತು ಆ ಕತ್ತಲೆಯಲ್ಲಿ ಸುಮ್ಮನೆ ಕೂತು ಕಣ್ಣನ್ನು ಪಳಗಿಸಿಕೊಳ್ಳಬೇಕು. ಆಮೇಲೆ ಒಂದು ಚದರ ಮಿಲಿಮೀಟರಿನಷ್ಟು ಜಾಗದ ಮೇಲೆ ದೃಷ್ಟಿ ನೆಟ್ಟು ಒಂದು, ಎರಡು, ಮೂರು ಎಂದು ಲೆಕ್ಕ. ನಿಮಿಷಕ್ಕೆ ಹತ್ತಾರು ಮಿನುಗು ಬಂದರೆ ಚೆನ್ನ. ತೀರಾ ಹೆಚ್ಚಾದರೆ ಲೆಕ್ಕ ತಪ್ಪುತ್ತದೆ, ತೀರಾ ಕಡಿಮೆಯಾದರೆ ಗಮನ ಹರಿಯುತ್ತದೆ. ಕಣ್ಣು ಬೇಗ ದಣಿಯುವುದರಿಂದ ಸ್ವಲ್ಪ ಹೊತ್ತಿಗೊಮ್ಮೆ ಬಿಡುವು ಬೇಕು. ಗೈಗರ್ ಈ ಕೆಲಸದಲ್ಲಿ ಅಸಾಧಾರಣರು. ಅವರು ರಾತ್ರಿಯಿಡೀ ಬೇಕಾದರೂ ಶಾಂತವಾಗಿ ಎಣಿಸುತ್ತಾರೆ, ನಾನಾದರೆ ಎರಡೇ ನಿಮಿಷಕ್ಕೆ ಬೈದುಕೊಂಡು ಎದ್ದುಬಿಟ್ಟೆ ಎಂಬರ್ಥದ ಮಾತನ್ನು ರುದರ್‌ಫೋರ್ಡ್ ಆ ದಿನಗಳಲ್ಲಿ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರತಿ ಮಿನುಗಿಗೂ ಒಂದೇ ಕಣ ಕಾರಣ ಎಂದು ನಂಬುವುದು ಹೇಗೆ? ಪರದೆಗೆ ಬಡಿದ ಕೆಲವು ಕಣಗಳು ಮಿನುಗದೆಯೇ ಹೋದರೆ? ಇದನ್ನು ಅವರು ಸುಮ್ಮನೆ ಊಹಿಸಿಕೊಳ್ಳಲಿಲ್ಲ. 1908ರಲ್ಲಿ ರುದರ್‌ಫೋರ್ಡ್ ಮತ್ತು ಗೈಗರ್ ಒಂದೊಂದೇ ಆಲ್ಫಾ ಕಣವನ್ನು ವಿದ್ಯುತ್ತಿನ ಮೂಲಕ ಪತ್ತೆಹಚ್ಚುವ ಕೊಳವೆ ಮಾಡಿಕೊಂಡು, ಎರಡೂ ವಿಧಾನದ ಎಣಿಕೆ ತಾಳೆಯಾಗುತ್ತದೆ ಎಂದು ಖಚಿತಪಡಿಸಿಕೊಂಡರು. ಮುಂದೆ ಗೈಗರ್ ಹೆಸರಿನಲ್ಲೇ ಪ್ರಸಿದ್ಧವಾದ ವಿಕಿರಣ ಮಾಪಕದ ಪೂರ್ವಜ ಆ ಕೊಳವೆ. ಅಳೆಯುವ ಮೊದಲು ಅಳತೆಗೋಲನ್ನೇ ಅಳೆದು ನೋಡಿದ ಈ ಹೆಜ್ಜೆ ಇಲ್ಲದೆ 1909ರ ಫಲಿತಾಂಶಕ್ಕೆ ಬೆಲೆ ಇರುತ್ತಿರಲಿಲ್ಲ.

ಆ ವರ್ಷ ಅರ್ನೆಸ್ಟ್ ಮಾರ್ಸ್‌ಡೆನ್ ಇನ್ನೂ ಪದವಿ ವಿದ್ಯಾರ್ಥಿ. ಇಪ್ಪತ್ತು ವರ್ಷ. ಗೈಗರ್ ಅವರ ಕೈಕೆಳಗೆ ವಿಕಿರಣ ಪ್ರಯೋಗಗಳ ಪಟ್ಟುಗಳನ್ನು ಕಲಿಯುತ್ತಿದ್ದರು. ಹುಡುಗನಿಗೆ ಸ್ವಂತದ್ದೊಂದು ಸಣ್ಣ ಸಂಶೋಧನೆ ಕೊಡಬಹುದಲ್ಲ ಎಂದು ಗೈಗರ್ ಕೇಳಿದಾಗ, ಆಲ್ಫಾ ಕಣಗಳು ದೊಡ್ಡ ಕೋನಕ್ಕೆ ಏನಾದರೂ ಚದುರುತ್ತವೆಯೇ ನೋಡಲಿ ಎಂದರು ರುದರ್‌ಫೋರ್ಡ್. ಚದುರುತ್ತವೆ ಎಂಬ ನಿರೀಕ್ಷೆ ಅವರಿಗೇ ಇರಲಿಲ್ಲ. ಏನೂ ಸಿಗಲಾರದು ಅನ್ನಿಸಿದ ಕೆಲಸವನ್ನೂ ಒಮ್ಮೆ ಮಾಡಿ ನೋಡಿಬಿಡೋಣ ಅನ್ನುವ ಗುರು, ಅದನ್ನು ಶ್ರದ್ಧೆಯಿಂದ ಮಾಡುವ ಶಿಷ್ಯ. ಪ್ರಯೋಗಾಲಯಕ್ಕೆ ಇಬ್ಬರೂ ಬೇಕು.

ಸಲಕರಣೆ ಬಹಳ ಸರಳ. ತುದಿಗೆ ಅಭ್ರಕದ ಕಿಂಡಿ ಅಂಟಿಸಿದ ಗಾಜಿನ ಕೊಳವೆಯಲ್ಲಿ ವಿಕಿರಣಶೀಲ ಅನಿಲ. ಅದರಿಂದ ಹೊರಟ ಆಲ್ಫಾ ಕಣಗಳು ಓರೆಯಾಗಿಟ್ಟ ಲೋಹದ ತಟ್ಟೆಗೆ ಬಡಿಯಬೇಕು. ಪಕ್ಕದಲ್ಲಿ ಜಿಂಕ್ ಸಲ್ಫೈಡ್ ಪರದೆ, ಅದರ ಹಿಂದೆ ಸೂಕ್ಷ್ಮದರ್ಶಕ. ಕೊಳವೆಯಿಂದ ಕಣಗಳು ನೇರವಾಗಿ ಪರದೆಗೆ ಬೀಳದಂತೆ ನಡುವೆ ದಪ್ಪನೆಯ ಸೀಸದ ಅಡ್ಡಗೋಡೆ. ಅಂದರೆ ಪರದೆಯಲ್ಲಿ ಮಿನುಗು ಕಂಡರೆ ಅದು ಲೋಹಕ್ಕೆ ಬಡಿದು ಹಿಂದಕ್ಕೆ ತಿರುಗಿದ ಕಣದ್ದೇ ಆಗಿರಬೇಕು.

ಮಿನುಗು ಕಂಡಿತು. ಲೋಹದ ತಟ್ಟೆ ತೆಗೆದರೆ ನಿಂತಿತು, ಇಟ್ಟರೆ ಮತ್ತೆ ಬಂತು. ಸೀಸ, ಚಿನ್ನ, ಪ್ಲಾಟಿನಂ, ತವರ, ಬೆಳ್ಳಿ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ, ಒಂದಾದ ಮೇಲೊಂದು ಇಟ್ಟು ನೋಡಿದರು. ಭಾರದ ಪರಮಾಣುವಿನ ಲೋಹವಾದಷ್ಟೂ ಮಿನುಗು ಹೆಚ್ಚು. ಚಿನ್ನದ ರೇಕನ್ನು ಒಂದರ ಮೇಲೊಂದು ಪೇರಿಸುತ್ತ ಹೋದರೆ ಎಣಿಕೆ ಏರುತ್ತ ಹೋಯಿತು. ಇದು ಲೋಹದ ಮೇಲ್ಮೈಯ ಆಟವಲ್ಲ, ಒಳಗಿನ ಪರಮಾಣುಗಳ ಕೆಲಸ ಎಂಬುದು ಅದರಿಂದ ಗೊತ್ತಾಯಿತು. ಕೊನೆಗೆ ಪ್ಲಾಟಿನಂ ಇಟ್ಟು ಪ್ರಮಾಣ ಲೆಕ್ಕ ಹಾಕಿದರು: ಬಡಿದ ಸುಮಾರು ಎಂಟು ಸಾವಿರ ಕಣಗಳಲ್ಲಿ ಒಂದು ಹಿಂದಕ್ಕೆ ಬರುತ್ತಿತ್ತು.

ಟಿಶ್ಯೂ ಕಾಗದಕ್ಕೆ ಹದಿನೈದು ಇಂಚಿನ ಫಿರಂಗಿ ಗುಂಡು ಹಾರಿಸಿದಾಗ ಅದು ವಾಪಸು ಬಂದು ನಮಗೇ ಬಡಿದಂತಾಯಿತು ಎಂದು ರುದರ್‌ಫೋರ್ಡ್ ಹೇಳಿದ ಮಾತು ಎಲ್ಲ ಕಡೆ ಉಲ್ಲೇಖವಾಗುತ್ತದೆ. ಅದು ಎಷ್ಟೋ ವರ್ಷಗಳ ನಂತರ, ಬದುಕಿನ ಕೊನೆಯ ದಿನಗಳ ಒಂದು ಉಪನ್ಯಾಸದಲ್ಲಿ ಬಂದ ಮಾತು. 1909ರಲ್ಲಿ ಅವರು ಹೊಸ ಪರಮಾಣುವನ್ನೇನೂ ಘೋಷಿಸಲಿಲ್ಲ. ಗೈಗರ್ ಮತ್ತು ಮಾರ್ಸ್‌ಡೆನ್ ಅವರ ಚಿಕ್ಕ ಪ್ರಬಂಧ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು, ಅದರಲ್ಲಿ ವಿವರಣೆ ಇರಲಿಲ್ಲ. ರುದರ್‌ಫೋರ್ಡ್ ಸಂಖ್ಯೆಯನ್ನು ತಲೆಯಲ್ಲಿ ಇಟ್ಟುಕೊಂಡು ಕಾದರು. ಅಷ್ಟೊತ್ತಿಗೆ ಅವರಿಗೆ ನೊಬೆಲ್ ಬಂದಾಗಿತ್ತು, ವಯಸ್ಸು ಮೂವತ್ತೆಂಟರ ಆಸುಪಾಸು. ಹಾಗಿದ್ದೂ ಸಂಭಾವ್ಯತೆಯ ಗಣಿತ ಕಲಿಯಲೆಂದು ಅದೇ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಹೊರೇಸ್ ಲ್ಯಾಂಬ್ ಅವರ ತರಗತಿಗೆ ವಿದ್ಯಾರ್ಥಿಗಳ ಜೊತೆ ಹೋಗಿ ಕೂತರು.

ಆ ಗಣಿತ ಯಾಕೆ ಬೇಕಾಯಿತು ಎಂಬುದರಲ್ಲೇ ಇಡೀ ವಾದದ ತಿರುಳಿದೆ. ಗೈಗರ್ ಬಳಸಿದ ಒಂದು ಚಿನ್ನದ ರೇಕಿನ ದಪ್ಪ 0.00004 ಸೆಂಟಿಮೀಟರ್. ಅಷ್ಟರಲ್ಲೇ ಸಾವಿರಕ್ಕೂ ಹೆಚ್ಚು ಪರಮಾಣು ಪದರಗಳಿವೆ. ಥಾಮ್ಸನ್ ಪರಮಾಣು ಒಂದೊಂದೂ ಆಲ್ಫಾ ಕಣವನ್ನು ಅತಿ ಸ್ವಲ್ಪ ಬಾಗಿಸುತ್ತದೆ. ಧನಾವೇಶ ತೆಳುವಾಗಿ ಹರಡಿಕೊಂಡಿರುವುದರಿಂದ ಅದಕ್ಕೆ ಬಲ ಸಾಲದು. ಎಲೆಕ್ಟ್ರಾನ್‌ಗಿಂತ ಆಲ್ಫಾ ಕಣ ಏಳು ಸಾವಿರ ಪಟ್ಟಿಗೂ ಹೆಚ್ಚು ಭಾರ, ಆದ್ದರಿಂದ ಎಲೆಕ್ಟ್ರಾನ್ ಅದನ್ನು ತಿರುಗಿಸುವ ಮಾತೇ ಇಲ್ಲ. ಆದರೆ ಸಣ್ಣ ಸಣ್ಣ ಬಾಗುಗಳು ಸಾವಿರಾರು ಸೇರಿದರೆ ದೊಡ್ಡದಾಗಬಾರದೇಕೆ? ಥಾಮ್ಸನ್ ಪಕ್ಷದ ಉತ್ತರ ಅದೇ ಆಗಿತ್ತು. ತೊಂದರೆ ಏನೆಂದರೆ ಆ ಬಾಗುಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಯದ್ವಾತದ್ವಾ ಬೀಳುತ್ತವೆ, ಒಂದನ್ನೊಂದು ಹೊಡೆದುಹಾಕುತ್ತವೆ. ಆ ರೇಕು ದಾಟಿದ ಕಣಗಳು ಹೆಚ್ಚಾಗಿ ಬಾಗುವ ಕೋನ 0.87 ಡಿಗ್ರಿ ಎಂದು ಗೈಗರ್ ಅಳೆದಿದ್ದರು. ಒಂದು ಡಿಗ್ರಿಗೂ ಕಡಿಮೆ! ಅಂಥ ಗುಂಪಿನಲ್ಲಿ ಸಣ್ಣ ಬಾಗುಗಳೇ ಕೂಡಿ ಕೂಡಿ 90 ಡಿಗ್ರಿ ಮುಟ್ಟುವ ಸಂಭಾವ್ಯತೆ ಎಷ್ಟು ಎಂದು ಲೆಕ್ಕ ಹಾಕಿದರೆ ದಶಾಂಶ ಬಿಂದುವಿನ ಮುಂದೆ ಎರಡು ಸಾವಿರಕ್ಕೂ ಹೆಚ್ಚು ಸೊನ್ನೆಗಳು ಬರುತ್ತವೆ. ಪ್ರಯೋಗದಲ್ಲಿ ಈ ತೆಳುವಾದ ಚಿನ್ನದ ರೇಕಿಗೆ ಸಿಕ್ಕದ್ದು ಇಪ್ಪತ್ತು ಸಾವಿರಕ್ಕೊಂದು (ಎಂಟು ಸಾವಿರಕ್ಕೊಂದು ಎಂಬುದು ಪ್ಲಾಟಿನಂ ತಟ್ಟೆಯ ಲೆಕ್ಕ).

ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕಣ ವಾಪಸಾಯಿತಲ್ಲ ಎಂಬ ಬೆರಗಿನಿಂದ ಥಾಮ್ಸನ್ ಮಾದರಿ ಬಿದ್ದುಹೋಗಲಿಲ್ಲ. ಎಷ್ಟು ವಾಪಸಾದವು ಎಂಬ ಎಣಿಕೆಯಿಂದ ಬಿತ್ತು. ಇಪ್ಪತ್ತು ಸಾವಿರಕ್ಕೊಂದು ಅಪರೂಪವೇ. ಆದರೆ ಸಣ್ಣ ಬಾಗುಗಳ ಮೊತ್ತದಿಂದ ಬರುವ ಸಂಭಾವ್ಯತೆಯ ಎದುರು ಅದು ಭಯಂಕರ ದೊಡ್ಡ ಸಂಖ್ಯೆ. ಅಂದರೆ ಆ ಒಂದು ಕಣ ಹಲವು ಪರಮಾಣುಗಳಿಂದ ಸ್ವಲ್ಪ ಸ್ವಲ್ಪ ತಿರುಗಿದ್ದಲ್ಲ. ಒಂದೇ ಪರಮಾಣು, ಒಂದೇ ಭೇಟಿಯಲ್ಲಿ ಅದನ್ನು ತಿರುಗಿಸಿದೆ. ಅಂಥ ಬಲ ಹುಟ್ಟಬೇಕಾದರೆ ಆವೇಶವೆಲ್ಲ ಒಂದು ಸಣ್ಣ ಜಾಗದಲ್ಲಿ ಒತ್ತಿಕೊಂಡಿರಬೇಕು.

1910ರ ಡಿಸೆಂಬರ್ ಹೊತ್ತಿಗೆ ಲೆಕ್ಕ ಕೂಡಿಬಂತು. ಒಂದು ದಿನ ರುದರ್‌ಫೋರ್ಡ್ ಬಹಳ ಖುಷಿಯಲ್ಲಿ ತಮ್ಮ ಕೋಣೆಗೆ ಬಂದು, ಪರಮಾಣು ಹೇಗಿದೆ ಎಂದು ಈಗ ಗೊತ್ತಾಯಿತು ಎಂದರೆಂದು ಗೈಗರ್ ನೆನಪಿಸಿಕೊಂಡಿದ್ದಾರೆ. ಥಾಮ್ಸನ್ ಅವರದ್ದಕ್ಕಿಂತ ಎಷ್ಟೋ ಮೇಲಾದ ಪರಮಾಣುವೊಂದನ್ನು ಕಟ್ಟಬಲ್ಲೆ ಅನ್ನಿಸುತ್ತಿದೆ ಎಂದು ಅದೇ ತಿಂಗಳು ಅಮೆರಿಕದ ಗೆಳೆಯ ಬೋಲ್ಟ್‌ವುಡ್ ಅವರಿಗೆ ಪತ್ರ ಬರೆದರು. 1911ರ ಮೇ ತಿಂಗಳಲ್ಲಿ ಫಿಲಾಸಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಪ್ರಬಂಧ ಅಚ್ಚಾಯಿತು.

ಆ ಪ್ರಬಂಧವನ್ನು ಓದುವುದು ಒಂದು ಅನುಭವ. ನಾವು ನಿರೀಕ್ಷಿಸುವ ಚಿತ್ರ ಅದರಲ್ಲಿ ಸಿಗುವುದಿಲ್ಲ. ನ್ಯೂಕ್ಲಿಯಸ್ ಎಂಬ ಹೆಸರಿಲ್ಲ, ಕೇಂದ್ರದ ಆವೇಶ ಎಂದಷ್ಟೇ ಇದೆ. ಆ ಆವೇಶ ಧನವೋ ಋಣವೋ ಎಂದು ಕೂಡ ಅವರು ಪಟ್ಟು ಹಿಡಿಯುವುದಿಲ್ಲ, ತಮ್ಮ ಲೆಕ್ಕ ಎರಡಕ್ಕೂ ಒಪ್ಪುತ್ತದೆ ಎಂದು ಹೇಳಿ ಧನವೆಂದು ಇಟ್ಟುಕೊಂಡು ಮುಂದುವರಿಯುತ್ತಾರೆ. ಎಲೆಕ್ಟ್ರಾನ್‌ಗಳು ಹೇಗೆ ನಿಂತಿವೆ, ಬೀಳದೆ ಹೇಗೆ ಉಳಿಯುತ್ತವೆ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಎತ್ತುವುದಿಲ್ಲ. ಚಿನ್ನದ ಕೇಂದ್ರಕ್ಕೆ ಸುಮಾರು 100 ಎಲೆಕ್ಟ್ರಾನ್‌ಗಳ ಆವೇಶವಿದೆ ಎಂದಿಟ್ಟುಕೊಂಡರು. ಸರಿಯಾದ ಸಂಖ್ಯೆ 79 ಎಂದು ಆಮೇಲೆ ತಿಳಿಯಿತು. ನೇರ ಎದುರಾಗಿ ಬಂದ ಆಲ್ಫಾ ಕಣ ಎಷ್ಟು ಹತ್ತಿರದವರೆಗೆ ಹೋಗಿ ತಿರುಗುತ್ತದೆ ಎಂದೂ ಲೆಕ್ಕ ಹಾಕಿದರು. ಒಂದು ಸೆಂಟಿಮೀಟರನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅಂಥ 3.4 ಭಾಗದಷ್ಟು ಹತ್ತಿರ. ಪರಮಾಣುವಿನ ತ್ರಿಜ್ಯ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗ. ಕೇಂದ್ರ ಎಷ್ಟೇ ದೊಡ್ಡದೆಂದರೂ ಪರಮಾಣುವಿಗಿಂತ ಮೂರು ಸಾವಿರ ಪಟ್ಟು ಚಿಕ್ಕದು. ಇದಕ್ಕಿಂತ ಹೆಚ್ಚು ಹೇಳಲು ಪುರಾವೆ ಇರಲಿಲ್ಲ, ಅವರು ಹೇಳಲಿಲ್ಲ. ಪ್ರಬಂಧದ ಈ ಸಂಯಮ ನನಗೆ ಬಹಳ ಇಷ್ಟ.

ಲೋಕ ಹೆಚ್ಚು ಗಮನ ಕೊಡಲಿಲ್ಲ ಎಂಬುದೂ ನಿಜ. ಅದೇ ವರ್ಷ ಬ್ರಸೆಲ್ಸ್‌ನಲ್ಲಿ ಮೊದಲ ಸಾಲ್ವೇ ಸಮ್ಮೇಳನ ನಡೆಯಿತು. ಐನ್‌ಸ್ಟೀನ್, ಪ್ಲಾಂಕ್, ಮೇರಿ ಕ್ಯೂರಿ ಎಲ್ಲ ಇದ್ದರು, ರುದರ್‌ಫೋರ್ಡ್ ಕೂಡ ಇದ್ದರು. ಹೊಸ ಪರಮಾಣುವಿನ ಬಗ್ಗೆ ಅಲ್ಲಿ ಚರ್ಚೆಯೇ ಆಗಲಿಲ್ಲ.

ಹೊಸ ಮಾದರಿಯಿಂದ ಹೊರಟ ಸೂತ್ರ ಮಾತ್ರ ಸವಾಲು ಹಾಕುವಂತಿತ್ತು. ಅದು ನಾಲ್ಕು ಮಾತು ಹೇಳುತ್ತಿತ್ತು, ನಾಲ್ಕನ್ನೂ ಪ್ರಯೋಗದಲ್ಲಿ ಪರೀಕ್ಷಿಸಬಹುದಿತ್ತು. ರೇಕಿನ ದಪ್ಪ ಇಮ್ಮಡಿಯಾದರೆ ಚದುರಿದ ಕಣಗಳೂ ಇಮ್ಮಡಿಯಾಗಬೇಕು. ಕೇಂದ್ರದ ಆವೇಶದ ವರ್ಗಕ್ಕೆ ತಕ್ಕಂತೆ, ಅಂದರೆ ಸ್ಥೂಲವಾಗಿ ಪರಮಾಣು ತೂಕದ ವರ್ಗಕ್ಕೆ ತಕ್ಕಂತೆ ಹೆಚ್ಚಬೇಕು. ಕಣದ ವೇಗ ಅರ್ಧವಾದರೆ ಎಣಿಕೆ ಹದಿನಾರು ಪಟ್ಟು ಏರಬೇಕು. ನಾಲ್ಕನೆಯದು ಎಲ್ಲಕ್ಕಿಂತ ಬಿಗಿಯಾದದ್ದು: ಚದುರಿದ ಕೋನದ ಅರ್ಧ ತೆಗೆದುಕೊಂಡು, ಅದರ ಸೈನ್ ಬೆಲೆಯ ನಾಲ್ಕನೇ ಘಾತ ಮಾಡಿ, ಅದನ್ನು ಆ ಕೋನದಲ್ಲಿ ಸಿಕ್ಕ ಎಣಿಕೆಗೆ ಗುಣಿಸಿದರೆ ಯಾವ ಕೋನದಲ್ಲಾದರೂ ಒಂದೇ ಉತ್ತರ ಬರಬೇಕು.

ಗೈಗರ್ ಮತ್ತು ಮಾರ್ಸ್‌ಡೆನ್ ಮತ್ತೆ ಕತ್ತಲೆಗೆ ಇಳಿದರು. ಈ ಬಾರಿಯ ಸಲಕರಣೆ ಎಷ್ಟೋ ಪಟ್ಟು ನಾಜೂಕಿನದು. ಗಾಳಿ ಹೊರತೆಗೆದ, ದುಂಡನೆಯ ಗಟ್ಟಿ ಲೋಹದ ಪೆಟ್ಟಿಗೆ. ನಡುವೆ ಕದಲದಂತೆ ನಿಲ್ಲಿಸಿದ ರೇಕು ಮತ್ತು ಆಲ್ಫಾ ಆಕರ. ಪೆಟ್ಟಿಗೆಯ ಗೋಡೆಗೆ ಬಿಗಿದ ಸೂಕ್ಷ್ಮದರ್ಶಕ, ಅದರ ತುದಿಗೆ ಅಂಟಿದ ಪರದೆ. ಗಾಳಿ ನುಸುಳದಂತೆ ಕೂರಿಸಿದ ಕೀಲಿನ ಮೇಲೆ ಇಡೀ ಪೆಟ್ಟಿಗೆಯೇ ತಿರುಗುತ್ತದೆ, ಹಾಗೆ ತಿರುಗಿಸಿದಾಗ ಸೂಕ್ಷ್ಮದರ್ಶಕ ರೇಕಿನ ಸುತ್ತ ಬೇಕಾದ ಕೋನಕ್ಕೆ ಬಂದು ನಿಲ್ಲುತ್ತದೆ. ಆಕರದಲ್ಲಿದ್ದ ರೇಡಿಯಂ ಅನಿಲ ದಿನ ಕಳೆದಂತೆ ಕ್ಷೀಣಿಸುತ್ತದೆ, ನಾಲ್ಕು ದಿನದೊಳಗೆ ಅರ್ಧಕ್ಕಿಳಿಯುತ್ತದೆ. ಪ್ರತಿ ಎಣಿಕೆಗೂ ಆ ಸವಕಳಿಯ ತಿದ್ದುಪಡಿ ಹಾಕಬೇಕು.

1913ರ ಆ ಪ್ರಬಂಧದಲ್ಲಿ ಚಿನ್ನದ ಒಂದು ಕೋಷ್ಟಕವಿದೆ. 150 ಡಿಗ್ರಿಯಲ್ಲಿ ಎಣಿಕೆ 33.1. ಕೋನ ಇಳಿಸುತ್ತ ಬಂದಂತೆ 120 ಡಿಗ್ರಿಯಲ್ಲಿ 51.9, 75ರಲ್ಲಿ 211, 60ರಲ್ಲಿ 477, 45ರಲ್ಲಿ 1435, 30ರಲ್ಲಿ 7800, 15 ಡಿಗ್ರಿಗೆ ಬರುವಷ್ಟರಲ್ಲಿ 1,32,000. ಮೂವತ್ತಮೂರರಿಂದ ಒಂದು ಲಕ್ಷದ ಮೂವತ್ತೆರಡು ಸಾವಿರಕ್ಕೆ, ಅಂದರೆ ನಾಲ್ಕು ಸಾವಿರ ಪಟ್ಟು ಏರಿಕೆ. ಪಕ್ಕದ ಕಲಂನಲ್ಲಿ ಸೈನ್ ಘಾತ ಗುಣಿಸಿದ ಬೆಲೆಗಳಿವೆ: 28.8, 29.0, 29.1, 29.8, 30.8, 35.0, 38.4. ಆ ಕಲಂ ಮೇಲಿಂದ ಕೆಳಗೆ ಬೆರಳಾಡಿಸಿಕೊಂಡು ಬಂದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಎಡಗಡೆ ಎಣಿಕೆ ಹುಚ್ಚೆದ್ದು ಓಡುತ್ತಿದೆ, ಬಲಗಡೆ ಸಂಖ್ಯೆ ಮೂವತ್ತರ ಆಸುಪಾಸು ಬಿಟ್ಟು ಕದಲುತ್ತಿಲ್ಲ. ಪೂರ್ತಿ ಒಂದೇ ಆಗಿಲ್ಲ, ಸಣ್ಣ ಕೋನಗಳ ಕಡೆ ಸ್ವಲ್ಪ ಮೇಲಕ್ಕೆ ಹೋಗಿದೆ. ಅದನ್ನು ಅವರು ತಿದ್ದಿ ಚೆಂದ ಮಾಡದೆ ಇದ್ದಂತೆಯೇ ಅಚ್ಚು ಹಾಕಿದ್ದಾರೆ. ಈ ಕೆಲಸಕ್ಕಾಗಿ ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ಮಿನುಗುಗಳನ್ನು ಕಣ್ಣಲ್ಲೇ ಎಣಿಸಿದ್ದರು.

ಎಂ.ಎಸ್‌ಸಿ. ಪ್ರಯೋಗಾಲಯದಲ್ಲಿ ನಾನೂ ಈ ಪ್ರಯೋಗ ಮಾಡಿದ್ದೇನೆ, ಇವತ್ತಿನ ರೂಪದಲ್ಲಿ. ಪುಟ್ಟ ನಿರ್ವಾತ ಪಾತ್ರೆ, ಅಮೆರಿಸಿಯಂ ಆಕರ, ಸೀಳುಗಂಡಿಗೆ ಅಂಟಿಸಿದ ಚಿನ್ನದ ರೇಕು, ಅರೆವಾಹಕದ ಪತ್ತೆಕಾರಕ. ಕಣ್ಣಿಗೆ ಶ್ರಮವಿಲ್ಲ, ಎಣಿಕೆ ಯಂತ್ರದ ಮೇಲೆ ಕೆಂಪು ಅಂಕಿಗಳು ತಾವೇ ಬದಲಾಗುತ್ತವೆ. ಐದು ಡಿಗ್ರಿಯಲ್ಲಿ ಅಂಕಿ ಓಡುತ್ತಿರುತ್ತದೆ. ಮೂವತ್ತಕ್ಕೆ ತಿರುಗಿಸಿದ ಕೂಡಲೇ ಅದು ನಿಂತೇ ಹೋದಂತಾಗುತ್ತದೆ, ಮುಂದಿನ ಕಣ ಯಾವಾಗ ಬರುವುದೋ ಎಂದು ಕಾಯುತ್ತ ಕೂರಬೇಕು. ಪಕ್ಕದ ಮೇಜಿನವರು ಪ್ರಯೋಗ ಮುಗಿಸಿ ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ಹೊರಟರೂ ನಮ್ಮ ಅಂಕಿ ಏಳಕ್ಕೋ ಎಂಟಕ್ಕೋ ಬಂದು ನಿಂತಿರುತ್ತಿತ್ತು. 150 ಡಿಗ್ರಿಯಲ್ಲಿ, ಕತ್ತಲೆಯಲ್ಲಿ, ಬರೀ ಕಣ್ಣನ್ನೇ ನಂಬಿಕೊಂಡು ಕೂತವರ ತಾಳ್ಮೆ ಎಂಥದ್ದಿರಬೇಕು ಎಂಬುದು ಪುಸ್ತಕದಿಂದ ತಿಳಿಯುವುದಿಲ್ಲ, ಅಂಥ ಕಾಯುವಿಕೆಯಿಂದ ಮಾತ್ರ ತಿಳಿಯುತ್ತದೆ.

ಮುಂದಿನ ಕಥೆ ಬೇಗ ಹೇಳುತ್ತೇನೆ. 1912ರಲ್ಲಿ ಮ್ಯಾಂಚೆಸ್ಟರಿಗೆ ಬಂದ ನೀಲ್ಸ್ ಬೋರ್, ಎಲೆಕ್ಟ್ರಾನ್ ಕೇಂದ್ರಕ್ಕೆ ಬೀಳುವುದಿಲ್ಲವೇಕೆ ಎಂಬ ತೊಡಕನ್ನು ಕೈಗೆತ್ತಿಕೊಂಡು 1913ರಲ್ಲಿ ಹೊಸ ಭೌತವಿಜ್ಞಾನದ ಬಾಗಿಲು ತೆರೆದರು. ಅದೇ ಪ್ರಯೋಗಾಲಯದ ಹೆನ್ರಿ ಮೋಸ್ಲಿ ಕ್ಷಕಿರಣಗಳ ಮೂಲಕ ಪರಮಾಣು ಸಂಖ್ಯೆಗೆ ಅರ್ಥ ಕೊಟ್ಟರು. 1915ರಲ್ಲಿ, ಇಪ್ಪತ್ತೇಳನೇ ವಯಸ್ಸಿಗೆ, ಗಲಿಪೊಲಿಯ ಯುದ್ಧದಲ್ಲಿ ಗುಂಡಿಗೆ ಬಲಿಯಾದರು. ಗೈಗರ್ ಜರ್ಮನ್ ಸೈನ್ಯದಲ್ಲಿ, ಮಾರ್ಸ್‌ಡೆನ್ ನ್ಯೂಜಿಲೆಂಡ್ ಪಡೆಯಲ್ಲಿ. ಒಂದೇ ಪರದೆಯ ಮಿನುಗು ಎಣಿಸಿದ ಇಬ್ಬರು ಯುದ್ಧದಲ್ಲಿ ಎದುರಾಳಿ ಪಕ್ಷಗಳಲ್ಲಿದ್ದರು. 1920ರಲ್ಲಿ ಜೇಮ್ಸ್ ಚಾಡ್ವಿಕ್ ಇದೇ ಚದುರುವಿಕೆಯನ್ನು ಇನ್ನಷ್ಟು ನಿಖರವಾಗಿ ಅಳೆದು ಕೇಂದ್ರದ ಆವೇಶವನ್ನು ನೇರವಾಗಿ ಕಂಡುಕೊಂಡರು: ತಾಮ್ರಕ್ಕೆ 29.3, ಬೆಳ್ಳಿಗೆ 46.3, ಪ್ಲಾಟಿನಂಗೆ 77.4. ಪರಮಾಣು ಸಂಖ್ಯೆಗಳು 29, 47, 78. ಇದಕ್ಕಿಂತ ಸ್ಪಷ್ಟವಾಗಿ ಪ್ರಕೃತಿ ಉತ್ತರ ಕೊಡಬೇಕೇ?

ಅದೃಷ್ಟವೂ ಇತ್ತು. ರುದರ್‌ಫೋರ್ಡ್ ಬಳಸಿದ್ದು ನ್ಯೂಟನ್ ಕಾಲದ ಯಂತ್ರಶಾಸ್ತ್ರ. ಪರಮಾಣುವಿನ ಪ್ರಮಾಣದಲ್ಲಿ ಅದು ಸೋಲುತ್ತದೆ, ಕ್ವಾಂಟಂ ಯಂತ್ರಶಾಸ್ತ್ರ ಬೇಕು ಎಂದು ಆಮೇಲೆ ಗೊತ್ತಾಯಿತು. ಆದರೆ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವ ವಿದ್ಯುತ್ ಬಲಕ್ಕೆ ಎರಡೂ ಲೆಕ್ಕಗಳು ಒಂದೇ ಸೂತ್ರ ಕೊಡುತ್ತವೆ! ಬಲ ಬೇರೆ ರೀತಿಯದ್ದಾಗಿದ್ದರೆ 1913ರ ಕೋಷ್ಟಕ ಯಾರಿಗೂ ಬಿಡಿಸಲಾಗದ ಒಗಟಾಗಿ ಉಳಿಯುತ್ತಿತ್ತು.

ಕಣ್ಣಿನ ಎಣಿಕೆಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ಮಾತು ಪೂರ್ತಿಯಾಗುವುದಿಲ್ಲ. 1920ರ ದಶಕದಲ್ಲಿ ವಿಯೆನ್ನಾದ ಪ್ರಯೋಗಾಲಯಕ್ಕೂ, ರುದರ್‌ಫೋರ್ಡ್ ಆಗ ಸೇರಿದ್ದ ಕೇಂಬ್ರಿಡ್ಜಿನ ಕ್ಯಾವೆಂಡಿಶ್‌ಗೂ ದೊಡ್ಡ ವಿವಾದವೆದ್ದಿತು. ಆಲ್ಫಾ ಕಣ ಬಡಿದು ಒಡೆಯುವ ನ್ಯೂಕ್ಲಿಯಸ್‌ಗಳ ಸಂಖ್ಯೆ ವಿಯೆನ್ನಾದಲ್ಲಿ ಬಹಳ ಹೆಚ್ಚು ಸಿಗುತ್ತಿತ್ತು. ಎರಡೂ ಕಡೆ ಮಿನುಗು ಎಣಿಸುವುದೇ ವಿಧಾನ. 1927ರ ಕೊನೆಯಲ್ಲಿ ಚಾಡ್ವಿಕ್ ವಿಯೆನ್ನಾಕ್ಕೆ ಹೋದರು. ಅಲ್ಲಿ ಎಣಿಸುತ್ತಿದ್ದವರು ಯುವತಿಯರು. ಯಾವ ಸುತ್ತಿನಲ್ಲಿ ಏನು ಬದಲಾಯಿಸಿದ್ದೇನೆ ಎಂದು ಅವರಿಗೆ ತಿಳಿಸದೆ ಚಾಡ್ವಿಕ್ ಅವರಿಂದಲೇ ಎಣಿಕೆ ಮಾಡಿಸಿದರು. ಬಂದ ಉತ್ತರ ಕೇಂಬ್ರಿಡ್ಜಿನದಕ್ಕೆ ತಾಳೆಯಾಯಿತು. ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಏನು ಕಾಣಬೇಕೆಂದು ಮೊದಲೇ ತಿಳಿದ ಕಣ್ಣಿಗೆ ಮಸುಕಾದ ಕತ್ತಲೆಯಲ್ಲಿ ಅದೇ ಕಂಡಿತ್ತು. ಮ್ಯಾಂಚೆಸ್ಟರಿನ ಎಣಿಕೆ ಇಷ್ಟು ಚೆನ್ನಾಗಿ ನಿಂತದ್ದು ನೆನೆದರೆ ಗೈಗರ್ ಮೇಲಿನ ಗೌರವ ಇನ್ನೂ ಹೆಚ್ಚುತ್ತದೆ. ಇದಾದ ಮೇಲೆ ಪ್ರಯೋಗಾಲಯಗಳು ಕಣ್ಣನ್ನು ಬಿಟ್ಟು ವಿದ್ಯುತ್ ಎಣಿಕೆಯ ಕಡೆ ವಾಲಿದವು.

ವಿಧಾನ ಮಾತ್ರ ಉಳಿಯಿತು. ಹೊಡೆದು ನೋಡು, ಯಾವ ಕೋನಕ್ಕೆ ಎಷ್ಟು ಚದುರಿತು ಎಣಿಸು. 1950ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ರಾಬರ್ಟ್ ಹಾಫ್‌ಸ್ಟಾಡ್ಟರ್ ಆಲ್ಫಾ ಬದಲು ವೇಗದ ಎಲೆಕ್ಟ್ರಾನ್‌ಗಳನ್ನು ಬಳಸಿ ನ್ಯೂಕ್ಲಿಯಸ್‌ನೊಳಗೆ ಆವೇಶ ಹೇಗೆ ಹಂಚಿಕೆಯಾಗಿದೆ ಎಂದು ಅಳೆದರು. ಪ್ರೋಟಾನ್ ಒಂದು ಬಿಂದುವಲ್ಲ, ಅದಕ್ಕೂ ಗಾತ್ರವಿದೆ ಎಂದು ತೋರಿಸಿದ್ದು ಅವರೇ. 1960ರ ದಶಕದ ಕೊನೆಯಲ್ಲಿ ಅಲ್ಲೇ, ಎರಡು ಮೈಲಿ ಉದ್ದದ ವೇಗವರ್ಧಕದಲ್ಲಿ, ಫ್ರೀಡ್‌ಮನ್, ಕೆಂಡಾಲ್ ಮತ್ತು ಟೇಲರ್ ಅವರ ತಂಡ ಪ್ರೋಟಾನ್‌ಗೆ ಇನ್ನೂ ಬಲವಾಗಿ ಹೊಡೆದಾಗ, ದೊಡ್ಡ ಕೋನಕ್ಕೆ ಚದುರುವ ಎಲೆಕ್ಟ್ರಾನ್‌ಗಳು ನಿರೀಕ್ಷೆಗಿಂತ ಬಹಳ ಹೆಚ್ಚು ಸಿಕ್ಕವು. ಅರವತ್ತು ವರ್ಷ ಹಿಂದಿನ ಅದೇ ಲಕ್ಷಣ. ಒಳಗೆ ಗಟ್ಟಿಯಾದ, ಅತಿ ಚಿಕ್ಕದಾದ ಏನೋ ಇದೆ. ಪ್ರೋಟಾನ್‌ನೊಳಗಿನ ಕಣಗಳಾದ ಕ್ವಾರ್ಕ್‌ಗಳು ಕಾಗದದ ಮೇಲಿನ ಲೆಕ್ಕದಿಂದ ಎದ್ದು ನಿಜವಾದದ್ದು ಹೀಗೆ.

ಬೆಂಗಳೂರಿಗೂ ಈ ಪರಂಪರೆಯ ಒಂದು ಎಳೆ ತಾಗುತ್ತದೆ. ಹೋಮಿ ಭಾಭಾ ಕೇಂಬ್ರಿಡ್ಜಿನಲ್ಲಿದ್ದಾಗ, ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ (ಎಲೆಕ್ಟ್ರಾನ್‌ನಷ್ಟೇ ಭಾರದ, ಧನಾವೇಶದ ಕಣ) ಪರಸ್ಪರ ಚದುರುವುದರ ಲೆಕ್ಕ ಮಾಡಿದರು. 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದವರು ಯುದ್ಧ ಶುರುವಾದ್ದರಿಂದ ಇಲ್ಲೇ ಉಳಿದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಆ ಚದುರುವಿಕೆಗೆ ಇವತ್ತಿಗೂ ಭಾಭಾ ಚದುರುವಿಕೆ ಎಂದೇ ಹೆಸರು. ಎಲೆಕ್ಟ್ರಾನ್ ಪಾಸಿಟ್ರಾನ್ ಡಿಕ್ಕಿ ಹೊಡೆಸುವ ಯಂತ್ರಗಳಲ್ಲಿ ಒಟ್ಟು ಎಷ್ಟು ಡಿಕ್ಕಿಯ ಅವಕಾಶ ಸಿಕ್ಕಿತು ಎಂದು ಅಳೆಯುವ ಮಾನದಂಡ ಅದೇ. ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ದೊಡ್ಡ ಎಲೆಕ್ಟ್ರಾನ್ ಯಂತ್ರದಲ್ಲಿ ಅಪರೂಪದ ಘಟನೆಗಳನ್ನೆಲ್ಲ ಲೆಕ್ಕ ಹಾಕಿದ್ದು ಸಣ್ಣ ಕೋನದ ಭಾಭಾ ಚದುರುವಿಕೆಯ ಎಣಿಕೆಗೆ ಹೋಲಿಸಿಯೇ. ಎಂಟು ಸಾವಿರಕ್ಕೊಂದು ಅನ್ನಬೇಕಾದರೆ ಆ ಎಂಟು ಸಾವಿರವನ್ನೂ ಯಾರಾದರೂ ಎಣಿಸಿರಬೇಕಲ್ಲ.

ಪ್ರೋಟಾನ್ ಎಷ್ಟು ದೊಡ್ಡದು ಎಂಬ ಹಾಫ್‌ಸ್ಟಾಡ್ಟರ್ ಕಾಲದ ಪ್ರಶ್ನೆ ನಮ್ಮ ಕಾಲದಲ್ಲಿ ಮತ್ತೆ ಕೆದಕಿತು. ಎಲೆಕ್ಟ್ರಾನ್ ಚದುರುವಿಕೆಯಿಂದ ಬರುತ್ತಿದ್ದ ತ್ರಿಜ್ಯ ಸುಮಾರು 0.88 ಫೆಮ್ಟೊಮೀಟರ್. ಫೆಮ್ಟೊಮೀಟರ್ ಎಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲೊಂದು ಭಾಗ. 2010ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, ಎಲೆಕ್ಟ್ರಾನ್ ಬದಲು ಅದರಂಥದೇ ಆದರೆ ಎಷ್ಟೋ ಪಟ್ಟು ಭಾರದ ಮ್ಯೂಆನ್ ಕಣ ಇರುವ ಹೈಡ್ರೋಜನ್ ಬಳಸಿ ಅಳೆದಾಗ 0.84 ಬಂತು. ಈ ನಾಲ್ಕು ಪ್ರತಿಶತ ವ್ಯತ್ಯಾಸ ಭೌತವಿಜ್ಞಾನಿಗಳನ್ನು ವರ್ಷಗಟ್ಟಲೆ ನಿದ್ದೆಗೆಡಿಸಿತು. ಅಮೆರಿಕದ ವರ್ಜೀನಿಯಾದಲ್ಲಿರುವ ಜೆಫರ್ಸನ್ ಪ್ರಯೋಗಾಲಯದವರು ಮತ್ತೆ ಚದುರುವಿಕೆಗೇ ಮೊರೆಹೋದರು. ಈ ಸಲ ಅವರು ನೋಡಿದ್ದು ದೊಡ್ಡ ಕೋನಗಳನ್ನಲ್ಲ. ಪ್ರೋಟಾನ್‌ನ ಹೊರ ಅಂಚಿನ ಗಾತ್ರ ತಿಳಿಯಬೇಕಾದರೆ ಒಂದಿಷ್ಟೇ ಬಾಗಿದ ಎಲೆಕ್ಟ್ರಾನ್‌ಗಳೇ ಮುಖ್ಯ. ಹಾಗಾಗಿ ಒಂದು ಡಿಗ್ರಿಯ ಆಸುಪಾಸಿನಲ್ಲಿ, ಎಲೆಕ್ಟ್ರಾನ್ ಎಲೆಕ್ಟ್ರಾನ್‌ಗೆ ಬಡಿದು ಚದುರುವುದನ್ನೂ ಜೊತೆಜೊತೆಗೆ ಎಣಿಸುತ್ತ, ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು: 0.831 ಫೆಮ್ಟೊಮೀಟರ್, ಮ್ಯೂಆನ್ ಅಳತೆಯ ಪಕ್ಕದಲ್ಲೇ. ಹಳೆಯ ಚದುರುವಿಕೆ ಪ್ರಯೋಗಗಳು ಯಾಕೆ ಹೆಚ್ಚು ತೋರಿಸಿದವು ಎಂಬ ಚರ್ಚೆ ಇನ್ನೂ ಪೂರ್ತಿ ಮುಗಿದಿಲ್ಲ. ಇನ್ನಷ್ಟು ನಿಖರವಾಗಿ ಎಣಿಸುವ ತಯಾರಿ ನಡೆದಿದೆ.